ಫೈನಲ್ ಫ್ಯಾಂಟಸಿಯಲ್ಲಿ ಬೆಸ್ಟ್ ಯಾವುದು, ವೇಸ್ಟ್ ಯಾವುದು? 13ನ್ನು ಅರ್ಧಕ್ಕೆ ಬಿಡಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ಸಾಗರದ ಹತ್ತಿರ. ಶಿವಮೊಗ್ಗದಲ್ಲಿ ರೂಮ್ ಮಾಡ್ಕೊಂಡು ಕೊನೇ ವರ್ಷದ ಬಿ.ಕಾಂ. ಓದ್ತಾ ಇದೀನಿ. ಕಥೆ ಇರೋ ಗೇಮ್ ಅಂದ್ರೆ ಇಷ್ಟ. ಆನ್‌ಲೈನಲ್ಲಿ ಗೇಮ್ ಮಾರೋ ಸ್ಟೀಮ್‌ನ ಸೇಲ್‌ನಲ್ಲಿ ಕಮ್ಮಿಗೆ ಸಿಕ್ತು ಅಂತ ಫೈನಲ್ ಫ್ಯಾಂಟಸಿ 13 ತಗೊಂಡೆ. 12 ಗಂಟೆ ಆಡಿ ಆರನೇ ಅಧ್ಯಾಯಕ್ಕೆ ಬಂದಿದೀನಿ. ನಡೆಯೋದು, ಹೊಡೆದಾಡೋದು, ಮತ್ತೆ ನಡೆಯೋದು, ಇಷ್ಟೇ. ಬೆಂಗಳೂರಲ್ಲಿರೋ ನಮ್ಮ ದೊಡ್ಡಪ್ಪನ ಮಗ ‘7 ಬಿಟ್ರೆ ಉಳಿದಿದ್ದೆಲ್ಲ ವೇಸ್ಟು, 13 ಅಂತೂ ಎಲ್ಲಕ್ಕಿಂತ ಕೆಟ್ಟದ್ದು’ ಅಂತಾನೆ. ರೂಮ್‌ಮೇಟ್ ‘1ರಿಂದ ಸಾಲಾಗಿ ಆಡದೇ ಇದ್ರೆ ಕಥೆ ತಲೆಗೆ ಹತ್ತಲ್ಲ’ ಅಂತಾನೆ. ಯೂಟ್ಯೂಬ್‌ನಲ್ಲಿ ಒಬ್ಬೊಬ್ಬರದು ಒಂದೊಂದು ಪಟ್ಟಿ. ನನ್ನ ಲ್ಯಾಪ್‌ಟಾಪ್‌ಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಊರಿಗೆ ಹೋದ್ರೆ ಮೊಬೈಲ್ ಹಾಟ್‌ಸ್ಪಾಟೇ ಗತಿ, ಮಳೆ ಹಿಡಿದ್ರೆ ಕರೆಂಟೂ ಇರಲ್ಲ. ಇಂಗ್ಲಿಷ್ ಓದ್ತೀನಿ, ಆದ್ರೆ ನಿಧಾನ. 13 ಮುಂದುವರಿಸ್ಲಾ, ಬಿಡ್ಲಾ? ನಿಜವಾಗಿ ಬೆಸ್ಟ್ ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡಿದ್ದು ಸಮಯದ ಚಿಂತೆ. ಇಂಥ ಒಂದು ರೋಲ್ ಪ್ಲೇಯಿಂಗ್ ಗೇಮ್‌ಗೆ 40-50 ಗಂಟೆ ಹಾಕಬೇಕು. ಕೊನೇ ವರ್ಷದ ಪರೀಕ್ಷೆ ಎದುರಿಗಿರುವಾಗ ಅದು ಸಣ್ಣ ಮಾತಲ್ಲ. ಅದಕ್ಕೇ ಸುಮ್ನೆ ಒಂದು ಪಟ್ಟಿ ಕೊಡುವ ಬದಲು, ಯಾವ ಭಾಗಕ್ಕೆ ಯಾಕೆ ಒಳ್ಳೇ ಹೆಸರು ಬಂತು, ಯಾಕೆ ಕೆಟ್ಟ ಹೆಸರು ಬಂತು ಅನ್ನೋದನ್ನು ಬಿಡಿಸಿ ಹೇಳುತ್ತೇನೆ.

ರೂಮ್‌ಮೇಟ್ ಮಾತನ್ನು ಮೊದಲು ಮುಗಿಸೋಣ. ಅದು ತಪ್ಪು. ಈ ಸರಣಿಯಲ್ಲಿ ನಂಬರ್ ಬದಲಾದರೆ ಲೋಕವೇ ಬದಲಾಗುತ್ತದೆ. ಊರು, ಪಾತ್ರಗಳು, ಕಥೆ, ಹೊಡೆದಾಟದ ನಿಯಮ ಎಲ್ಲ ಹೊಸದು. ಚೊಕೊಬೊ ಅನ್ನೋ ದೊಡ್ಡ ಹಕ್ಕಿ, ಸಿಡ್ ಅನ್ನೋ ಹೆಸರಿನವನೊಬ್ಬ, ಬಹಮುಟ್, ಇಫ್ರಿಟ್, ಶಿವ ಅನ್ನೋ ಶಕ್ತಿಗಳು ಮತ್ತೆ ಮತ್ತೆ ಬರುತ್ತವೆ. (ಆ ಶಿವ ಹಿಮದ ಹೆಣ್ಣು. ಹೆಸರು ನಮ್ಮದು, ರೂಪ ಪೂರ್ತಿ ಅವರದು.) ಆದರೆ ಅವು ಕಥೆಯನ್ನು ಒಂದಕ್ಕೊಂದು ಜೋಡಿಸುವುದಿಲ್ಲ. ನಂಬರ್ ಲೆಕ್ಕದಲ್ಲೂ ಹಿಂದೆ ಸಾಕಷ್ಟು ಗೊಂದಲ ಆಗಿತ್ತು. ಜಪಾನಿನ 2, 3, 5 ಆ ಕಾಲದಲ್ಲಿ ಅಮೆರಿಕಕ್ಕೆ ಹೋಗಲೇ ಇಲ್ಲ. ಹಾಗಾಗಿ 4ನ್ನು ಅಲ್ಲಿ 2 ಅಂತ, 6ನ್ನು 3 ಅಂತ ಮಾರಿದರು. ಸಾಲಾಗಿ ಆಡಲೇಬೇಕು ಅಂತಿದ್ದರೆ ಅಮೆರಿಕದ ಆ ತಲೆಮಾರಿಗೆ ಈ ಸರಣಿ ಅರ್ಥವೇ ಆಗುತ್ತಿರಲಿಲ್ಲ. 10ರ ಮುಂದುವರಿಕೆಯಾದ 10-2, 13ರ ಮುಂದುವರಿಕೆಗಳು, ಇಂಥವಕ್ಕೆ ಮಾತ್ರ ಮೊದಲಿನದು ಆಡಿರಬೇಕು.

ಇನ್ನು ನಿಮ್ಮಣ್ಣನ ಮಾತು. 7ಕ್ಕೆ ಬಂದ ಹೆಸರು ಸುಮ್ನೆ ಬಂದಿದ್ದಲ್ಲ. 1997ರಲ್ಲಿ, ಅಲ್ಲಿಯವರೆಗೆ ನಿಂಟೆಂಡೊ ಕಾರ್ಟ್ರಿಜ್‌ನಲ್ಲಿ ಬರುತ್ತಿದ್ದ ಸರಣಿ ಪ್ಲೇಸ್ಟೇಷನ್‌ಗೆ ಬಂತು, ಮೂರು ಸಿಡಿಗಳಲ್ಲಿ. ಜಪಾನಿನ ಹೊರಗೆ ಲಕ್ಷಾಂತರ ಜನಕ್ಕೆ ಇಂಥ ಆಟದ ಮೊದಲ ಪರಿಚಯ ಆಗಿದ್ದೇ ಅದರಿಂದ. ಮೊದಲು ಆಡಿದ್ದು ಮನಸ್ಸಲ್ಲಿ ಉಳಿಯುತ್ತದೆ. ಯೂಟ್ಯೂಬ್ ಪಟ್ಟಿಗಳು ಒಂದಕ್ಕೊಂದು ಹೊಂದದೇ ಇರುವುದಕ್ಕೆ ಅರ್ಧ ಕಾರಣ ಇದೇ. 7ರಿಂದ ಶುರು ಮಾಡಿದವರಿಗೆ 7, 10ರಿಂದ ಶುರು ಮಾಡಿದವರಿಗೆ 10. ನಮ್ಮ ಕಡೆ ಆ ಬಾಲ್ಯದ ಸೆಳೆತ ಕಮ್ಮಿ. ಗಂಟೆಗೆ ಇಷ್ಟು ಅಂತ ಕೊಟ್ಟು ಆಡುವ ಗೇಮ್ ಪಾರ್ಲರ್‌ನಲ್ಲಿ ಕ್ರಿಕೆಟ್, ಫೈಟಿಂಗ್, ಕಾರ್ ರೇಸ್ ಓಡುತ್ತಿದ್ದವು. 40 ಗಂಟೆಯ ಕಥೆಯನ್ನು ಅಲ್ಲಿ ಕೂತು ಮುಗಿಸುವವರು ಯಾರು? ನಿಮ್ಮಂಥವರು ಈಗ ಎಲ್ಲ ಭಾಗಗಳನ್ನೂ ಒಟ್ಟಿಗೆ ಎದುರಿಗಿಟ್ಟುಕೊಂಡು ನೋಡಬಹುದು. ಅದು ಒಳ್ಳೇದೇ.

ನಾನು ಗೇಮ್ ಡಿಸೈನ್ ಮತ್ತು ಟೆಸ್ಟಿಂಗ್ ಕೆಲಸದಲ್ಲಿರುವವನು. ಆಡುವವರ ಪಕ್ಕ ಕೂತು ಅವರ ಕೈ ಎಲ್ಲಿ ಚುರುಕಾಗುತ್ತದೆ, ಎಲ್ಲಿ ಜಡವಾಗುತ್ತದೆ ಅಂತ ನೋಡುವುದೇ ನನ್ನ ಕೆಲಸದ ದೊಡ್ಡ ಪಾಲು. ಅಲ್ಲಿ ಮತ್ತೆ ಮತ್ತೆ ಕಾಣುವ ವಿಷಯ ಒಂದಿದೆ. ಕಥೆ ಒಂದು ಹೇಳುತ್ತಾ, ಕೈಗೆ ಕೊಟ್ಟ ಕೆಲಸ ಇನ್ನೊಂದು ಕಡೆ ಎಳೆಯುತ್ತಿದ್ದರೆ ಜನಕ್ಕೆ ಬೇಸರ ಬರುತ್ತದೆ. ಗ್ರಾಫಿಕ್ಸ್ ಎಷ್ಟೇ ಚೆಂದ ಇದ್ದರೂ ಅಷ್ಟೆ. ಎರಡೂ ಒಂದೇ ಕಡೆ ಸಾಗಿದರೆ ಹಳೇ ಪಿಕ್ಸೆಲ್ ಚಿತ್ರವೂ ಸಾಕು. ಈ ಸರಣಿಯ ಒಳ್ಳೇ ಭಾಗ, ಕೆಟ್ಟ ಭಾಗ ಎರಡನ್ನೂ ನಾನು ಅಳೆಯುವುದು ಹೀಗೇ.

13ರ ಮೇಲಿನ ದೊಡ್ಡ ದೂರು ಏನು? ದಾರಿ ಒಂದೇ, ಉದ್ದ ಕಾರಿಡಾರ್. ಆದರೆ 2001ರಲ್ಲಿ ಬಂದ 10ರಲ್ಲೂ ಹೆಚ್ಚು ಕಡಿಮೆ ಒಂದೇ ದಾರಿ! ಕೊನೆ ಹತ್ತಿರ ಬರುವ ತನಕ ಅಲ್ಲೂ ನೀವು ಮುಂದೆ ಮುಂದೆ ನಡೆಯುತ್ತಲೇ ಇರುತ್ತೀರಿ. ಆದರೂ 10ನ್ನು ಜನ ಎದೆಗೆ ಹಚ್ಚಿಕೊಂಡರು, 13ಕ್ಕೆ ಬೈದರು. ಆಗುಂಬೆ ಘಾಟಿಯಲ್ಲಿ ಇರೋದೂ ಒಂದೇ ರಸ್ತೆ. ಯಾರಾದರೂ ಅದಕ್ಕೆ ಬೇಜಾರು ಮಾಡಿಕೊಳ್ಳುತ್ತಾರಾ? ಒಂದೊಂದು ತಿರುವಿಗೂ ಏನೋ ಒಂದು ಕಾಣುತ್ತದೆ, ಎಲ್ಲಿಗೆ ಹೋಗ್ತಾ ಇದೀವಿ ಅಂತಲೂ ಗೊತ್ತಿರುತ್ತದೆ.

10ರ ಕಥೆಯೇ ಒಂದು ಯಾತ್ರೆ. ಯೂನಾ ಅನ್ನೋ ಹುಡುಗಿ ದೇವಾಲಯದಿಂದ ದೇವಾಲಯಕ್ಕೆ ಹೋಗುತ್ತಾ, ಸಿನ್ ಅನ್ನೋ ದೈತ್ಯನನ್ನು ಎದುರಿಸುವ ಶಕ್ತಿ ಪಡೆಯಬೇಕು. ಯಾತ್ರೆಗೆ ದಾರಿ ಒಂದೇ ಇದ್ದರೆ ಅದು ಸಹಜ ಅಲ್ವಾ? ನೀವು ಆಡುವ ಟೀಡಸ್ ಆ ಲೋಕಕ್ಕೆ ಹೊಸಬ. ನಿಮಗೆ ಗೊತ್ತಿಲ್ಲದ್ದು ಅವನಿಗೂ ಗೊತ್ತಿಲ್ಲ, ಇಬ್ಬರೂ ಒಟ್ಟಿಗೆ ಕಲಿಯುತ್ತೀರಿ. ಆಟ ಶುರುವಾಗಿ ಕೆಲವೇ ಗಂಟೆಗೆ ಕಿಲಿಕಾ ಅನ್ನೋ ಬಂದರು ಬರುತ್ತದೆ. ಸಿನ್ ಬಂದು ಹೋಗಿದೆ. ಮನೆಗಳು ಮುರಿದು ನೀರಲ್ಲಿ ತೇಲುತ್ತಿವೆ. ಹೆಣಗಳನ್ನು ನೀರಿಗೆ ಬಿಟ್ಟಿದ್ದಾರೆ. ಯೂನಾ ನೀರಿನ ಮೇಲೇ ನಡೆದುಹೋಗಿ, ಕೋಲು ಹಿಡಿದು ಕುಣಿದು ಸತ್ತವರನ್ನು ಕಳಿಸಿಕೊಡುತ್ತಾಳೆ. ದಡದಲ್ಲಿ ಜನ ಅಳುತ್ತಾ ನಿಂತಿರುತ್ತಾರೆ. ಆ ಕೆಲವು ನಿಮಿಷದಲ್ಲಿ ಸಿನ್ ಅಂದರೆ ಏನು, ಯೂನಾಳ ಕೆಲಸ ಎಂಥದ್ದು, ಈ ಯಾತ್ರೆ ಯಾಕೆ ಅನ್ನೋದೆಲ್ಲ ತಿಳಿದುಬಿಡುತ್ತದೆ. ಯಾವ ಟಿಪ್ಪಣಿಯನ್ನೂ ಓದಬೇಕಾಗಿಲ್ಲ.

13ರಲ್ಲಿ ಏನಾಯಿತು ನೋಡಿ. ಫಾಲ್‌ಸೀ, ಲಸೀ, ಫೋಕಸ್ ಅನ್ನೋ ಪದಗಳನ್ನು ಮೊದಲ ಗಂಟೆಯಿಂದಲೇ ಪಾತ್ರಗಳು ಎಸೆಯುತ್ತಾ ಹೋಗುತ್ತವೆ. ಅರ್ಥ ಬೇಕು ಅಂದರೆ ಡೇಟಾಲಾಗ್ ಅನ್ನೋ ಮೆನು ತೆಗೆದು ಓದಬೇಕು. ನಿಮ್ಮಂತೆ ನಿಧಾನವಾಗಿ ಇಂಗ್ಲಿಷ್ ಓದುವವರಿಗೆ ಇದು ಇನ್ನೂ ಕಷ್ಟ. ನಿಂತು ಮಾತಾಡಿಸೋಣ ಅಂದರೆ ಹಳೇ ಭಾಗಗಳ ತರದ ಊರುಗಳಿಲ್ಲ, ಅಂಗಡಿಗಳೂ ಸೇವ್ ಪಾಯಿಂಟ್‌ನ (ಆಡಿದ್ದನ್ನು ಉಳಿಸಿಡುವ ಜಾಗ) ಪರದೆಯೊಳಗೆ ಸೇರಿಕೊಂಡಿವೆ. ಕಥೆಯ ಪ್ರಕಾರ ಇವರು ಸರ್ಕಾರದ ಕಣ್ಣು ತಪ್ಪಿಸಿ ಓಡುತ್ತಿರುವವರು, ಅದಕ್ಕೇ ಊರಿಲ್ಲ ಅಂತ ಸಮರ್ಥನೆ ಕೊಡಬಹುದು. ಒಪ್ಪೋಣ. ಆದರೆ ಓಡುವವರ ಅವಸರ ಕೈಗೆ ತಟ್ಟಬೇಕಲ್ಲ? ಮೊದಲ ಕೆಲವು ಅಧ್ಯಾಯಗಳಲ್ಲಿ ಹೊಡೆದಾಟ ಅಂದರೆ ಆಟೋ ಬ್ಯಾಟಲ್ ಗುಂಡಿ ಒತ್ತುವುದು. ತಂಡದಲ್ಲಿ ಯಾರಿರಬೇಕು ಅನ್ನೋದನ್ನೂ ಬಹಳ ಹೊತ್ತು ಆಟವೇ ತೀರ್ಮಾನಿಸುತ್ತದೆ. ನಿಮಗೆ ಬಂದಿರುವ ಬೇಸರ ನಿಮ್ಮ ತಪ್ಪಲ್ಲ. ಆಟ ನಿಮ್ಮ ಕೈಗೆ ಕೆಲಸ ಕೊಟ್ಟಿಲ್ಲ, ಅಷ್ಟೆ.

ಇದಕ್ಕೆ ಕಾರಣ ತಯಾರಿಕೆಯಲ್ಲೇ ಇದೆ. ಆ ಆಟ ಮೊದಲು ಪ್ಲೇಸ್ಟೇಷನ್ 2ಕ್ಕೆ ಅಂತ ಶುರುವಾಯಿತು. ಆಮೇಲೆ ಪ್ಲೇಸ್ಟೇಷನ್ 3ಕ್ಕೆ ಹೋಯಿತು. ಹೊಸ ಯಂತ್ರ, ಅದಕ್ಕೆ ಹೊಸ ಎಂಜಿನ್, ಅಂದರೆ ಆಟವನ್ನು ಓಡಿಸುವ ಮೂಲ ಸಾಫ್ಟ್‌ವೇರ್, ಬೇರೆ ಕಟ್ಟಬೇಕು. 2009ರಲ್ಲಿ ಡೆಮೊ ತಯಾರಾಗುವ ತನಕ ತಂಡದ ಎಲ್ಲರ ತಲೆಯಲ್ಲೂ ಒಂದೇ ಚಿತ್ರ ಇರಲಿಲ್ಲ ಅಂತ ಮಾಡಿದವರೇ ನಂತರ ಬರೆದುಕೊಂಡಿದ್ದಾರೆ. ಈ ಕೆಲಸದಲ್ಲಿರುವ ಯಾರಿಗಾದರೂ ಆ ಮಾತು ಕೇಳಿದರೆ ಹೊಟ್ಟೆಯಲ್ಲಿ ಚುರುಕ್ ಅನ್ನುತ್ತದೆ. ಒಬ್ಬೊಬ್ಬರು ಒಂದೊಂದು ತುಂಡನ್ನು ಅದ್ಭುತವಾಗಿ ಮಾಡಿರುತ್ತಾರೆ, ಅವೆಲ್ಲ ಸೇರಿ ಏನಾಗಬೇಕು ಅನ್ನೋದು ತಡವಾಗಿ ಗೊತ್ತಾಗುತ್ತದೆ.

ಹಾಗಂತ 13 ಎಲ್ಲಕ್ಕಿಂತ ಕೆಟ್ಟದ್ದಾ? ಖಂಡಿತ ಅಲ್ಲ. ಅದರ ಪ್ಯಾರಡೈಮ್ ಶಿಫ್ಟ್ ಪದ್ಧತಿ ಈ ಸರಣಿಯ ಬುದ್ಧಿವಂತ ಹೊಡೆದಾಟಗಳಲ್ಲಿ ಒಂದು. ದಾಳಿ, ರಕ್ಷಣೆ, ಚಿಕಿತ್ಸೆ ಇವುಗಳ ಹಂಚಿಕೆಯನ್ನು ಕ್ಷಣದಲ್ಲಿ ಬದಲಾಯಿಸುತ್ತಾ, ಶತ್ರುವಿನ ಸ್ಟ್ಯಾಗರ್ ಪಟ್ಟಿ ತುಂಬಿಸಿ ಬೀಳಿಸಬೇಕು. ಪ್ರತಿ ಹೊಡೆದಾಟ ಮುಗಿದ ಮೇಲೆ ಎಲ್ಲರೂ ಪೂರ್ತಿ ಚೇತರಿಸಿಕೊಳ್ಳುತ್ತಾರೆ, ಹಾಗಾಗಿ ಒಂದೊಂದು ಹೊಡೆದಾಟವೂ ಒಂದೊಂದು ಒಗಟು. ನೀವು ಈಗಿರುವ ಆರನೇ ಅಧ್ಯಾಯವನ್ನೇ ಇನ್ನೊಮ್ಮೆ ಗಮನಿಸಿ ನೋಡಿ. ಅಲ್ಲಿ ಗೋಳ ಮುಟ್ಟಿ ಮಳೆ ಬರಿಸಬಹುದು, ಬಿಸಿಲು ತರಿಸಬಹುದು. ಹವೆ ಬದಲಾದರೆ ಎದುರಾಗುವ ಪ್ರಾಣಿಗಳೂ ಬದಲಾಗುತ್ತವೆ. ಸಾಜ್ ಅನ್ನೋ ಪಾತ್ರದ ತಲೆಗೂದಲಲ್ಲಿ ಗೂಡು ಮಾಡಿಕೊಂಡ ಚೊಕೊಬೊ ಮರಿ ಹಾರಿಬಂದು ಮತ್ತೆ ಒಳಗೆ ಸೇರಿಕೊಳ್ಳುವುದನ್ನು ನೋಡಿ. ಪ್ರೀತಿಯಿಂದ ಮಾಡಿದ ಕೆಲಸ ಅದು. ಬಂದಾಗ ವಿಮರ್ಶಕರ ಸರಾಸರಿ ಅಂಕವೂ 100ಕ್ಕೆ 80ರ ಮೇಲೇ ಇತ್ತು.

ನಿಜವಾಗಿ ಕೆಟ್ಟದ್ದು ಯಾವುದು ಅಂತ ಕೇಳಿದರೆ ನನ್ನ ಉತ್ತರ 2010ರ ಸೆಪ್ಟೆಂಬರ್‌ನಲ್ಲಿ ಬಂದ 14. ಅದು ಆನ್‌ಲೈನ್ ಆಟ. ಮೆನು ಒಂದೊಂದೂ ತಡ, ಒಂದೇ ಬಂಡೆ ಒಂದೇ ಗುಡ್ಡ ಮತ್ತೆ ಮತ್ತೆ. ಜಾಸ್ತಿ ಹೊತ್ತು ಆಡಿದರೆ ಸಿಗುವ ಅನುಭವದ ಅಂಕವೇ ಕಮ್ಮಿಯಾಗುತ್ತಿತ್ತು. ಆಡಲು ಬಂದವನಿಗೆ ‘ಆಡಬೇಡ’ ಅನ್ನುವ ನಿಯಮ! ಆಮೇಲೆ ಜವಾಬ್ದಾರಿ ಹೊತ್ತ ನವೊಕಿ ಯೋಶಿದಾ ಒಂದು ಉದಾಹರಣೆ ಕೊಟ್ಟಿದ್ದರು: ಅಲ್ಲಿದ್ದ ಒಂದು ಹೂಕುಂಡಕ್ಕೆ ಆಟಗಾರನ ಪಾತ್ರಕ್ಕೆ ಹಾಕಿದಷ್ಟೇ ಪಾಲಿಗನ್ (3ಡಿ ಚಿತ್ರ ಕಟ್ಟುವ ಸಣ್ಣ ಸಣ್ಣ ತುಂಡುಗಳು) ಹಾಕಿದ್ದರಂತೆ. ಯಂತ್ರದ ಶಕ್ತಿಯೆಲ್ಲ ಕುಂಡಕ್ಕೆ ಹೋದರೆ ಪರದೆಯ ಮೇಲೆ ಜನ ಎಲ್ಲಿ ಸೇರುತ್ತಾರೆ?

ಆದರೆ ಅದರ ಮುಂದಿನ ಕಥೆ ಈ ಸರಣಿಯಲ್ಲೇ ದೊಡ್ಡದು. ಯೋಶಿದಾ ಹಳೇದನ್ನು ನಡೆಸುತ್ತಲೇ ಇನ್ನೊಂದು ಕಡೆ ಹೊಸದನ್ನು ಕಟ್ಟಿದರು. 2012ರ ನವೆಂಬರ್ 11ರಂದು ಹಳೇ ಸರ್ವರ್‌ಗಳನ್ನು ಮುಚ್ಚಿದರು. ಮುಚ್ಚುವ ಮೊದಲು ಆಕಾಶದಲ್ಲಿ ಒಂದು ಕೆಂಪು ಚಂದ್ರ ದಿನದಿನಕ್ಕೆ ಹತ್ತಿರ ಬರುವಂತೆ ಮಾಡಿ, ಕೊನೆಗೆ ಅದು ಒಡೆದು ಆ ಲೋಕವೇ ಸುಟ್ಟುಹೋಗುವಂತೆ ಮಾಡಿದರು. ಆಟ ಮುಚ್ಚಬೇಕಾದ ಸಂಕಟವನ್ನೇ ಕಥೆಯಾಗಿಸಿದರು. 2013ರ ಆಗಸ್ಟ್‌ನಲ್ಲಿ ‘ಎ ರೆಲ್ಮ್ ರೀಬಾರ್ನ್’ ಅಂತ ಹೊಸ 14 ಬಂತು. ಇವತ್ತು ಸರಣಿಯ ಒಳ್ಳೇ ಭಾಗಗಳ ಮಾತು ಬಂದಾಗ ಅದರ ಹೆಸರೂ ಬರುತ್ತದೆ. ಪಟ್ಟಿ ನೋಡುವಾಗ ಯಾವ 14 ಅಂತ ನೋಡಿಕೊಳ್ಳಿ, ಎರಡೂ ಬೇರೆ ಬೇರೆ.

ಈಗಲೂ ಆಡಲು ಸಿಗುವ ಭಾಗಗಳಲ್ಲಿ ಹೊಸಬರಿಗೆ ನಾನು ಬೇಡ ಅನ್ನುವುದು 1988ರ 2. ಉದ್ದೇಶ ಒಳ್ಳೇದಿತ್ತು. ಲೆವೆಲ್ ಅನ್ನೋದೇ ಇಲ್ಲ, ಏನು ಜಾಸ್ತಿ ಬಳಸುತ್ತೀರೋ ಅದು ಬೆಳೆಯುತ್ತದೆ. ಕತ್ತಿ ಬೀಸಿದರೆ ಕತ್ತಿವರಸೆ, ಪೆಟ್ಟು ತಿಂದರೆ ಆಯುಷ್ಯ. ಆದರೆ ಆಟಗಾರರು ಕಂಡುಕೊಂಡಿದ್ದೇನು? ಶತ್ರುವನ್ನು ಬಿಟ್ಟು ತಮ್ಮ ತಂಡದವರಿಗೇ ಹೊಡೆದುಕೊಂಡರೆ ಬೇಗ ಬೆಳೆಯಬಹುದು! ಸಾಮ್ರಾಜ್ಯದ ವಿರುದ್ಧ ಜೀವ ಕೊಡುವ ಗೆಳೆಯರ ಕಥೆ ಅದು. ಕೈ ಮಾತ್ರ ಗೆಳೆಯರನ್ನೇ ಬಡಿಯುತ್ತಿರುತ್ತದೆ. 1999ರ 8ರಲ್ಲೂ ಇದೇ ಕಾಯಿಲೆ ಸ್ವಲ್ಪ ಇದೆ. ಶತ್ರುಗಳಿಂದ ಮಂತ್ರಗಳನ್ನು ಒಂದೊಂದಾಗಿ ಎಳೆದು 100ರ ತನಕ ಕೂಡಿಡುತ್ತಾ ಕೂರಬೇಕು. ನೀವು ಬೆಳೆದಂತೆ ಶತ್ರುಗಳೂ ಬೆಳೆಯುವುದರಿಂದ, ಬೆಳೆಯದೇ ಇರುವುದೇ ಜಾಣತನ ಆಗುತ್ತದೆ. ಅದರ ಕಾರ್ಡ್ ಆಟ ಮಾತ್ರ ಬಿಟ್ಟು ಏಳಲು ಮನಸ್ಸಾಗುವುದಿಲ್ಲ.

15ರ ತೊಂದರೆ ಬೇರೆ. 2006ರಲ್ಲಿ ಬೇರೆ ಹೆಸರಲ್ಲಿ ಪ್ರಕಟವಾಗಿ, ನಿರ್ದೇಶಕರು ಬದಲಾಗಿ, 2016ರಲ್ಲಿ ಬಂತು. ನಾಲ್ವರು ಗೆಳೆಯರು ಕಾರಲ್ಲಿ ಸುತ್ತುವುದು, ರಾತ್ರಿ ಟೆಂಟ್ ಹಾಕಿ ಅಡುಗೆ ಮಾಡಿಕೊಳ್ಳುವುದು ತುಂಬ ಚೆಂದ. ಕಥೆಯ ಮುಖ್ಯ ತುಂಡುಗಳನ್ನು ಮಾತ್ರ ಸಿನಿಮಾ, ಅನಿಮೆ, ಆಮೇಲಿನ ಡೌನ್‌ಲೋಡ್ ಅಂತ ಹಂಚಿಬಿಟ್ಟರು.

ನನ್ನ ಪ್ರಕಾರ ಬೆಸ್ಟ್ 1994ರ 6. ಇದರಲ್ಲಿ ಆಡಬಹುದಾದ ಪಾತ್ರಗಳೇ 14. ಕಥೆ ಬಿಟ್ಟುಕೊಡದೆ ಒಂದು ಜಾಗದ ಬಗ್ಗೆ ಹೇಳುತ್ತೇನೆ. ಆಟದ ನಡುವೆ ದೊಡ್ಡ ಅನಾಹುತ ಆಗುತ್ತದೆ. ಎಲ್ಲರೂ ಚದುರಿಹೋಗುತ್ತಾರೆ. ಒಂದು ದ್ವೀಪದಲ್ಲಿ ನೀವು ಒಬ್ಬರೇ, ಜೊತೆಗೆ ಹಾಸಿಗೆ ಹಿಡಿದ ಒಬ್ಬ ಮುದುಕ. ದಡಕ್ಕೆ ಹೋಗಿ ಮೀನು ಹಿಡಿದು ತಂದು ಅವನಿಗೆ ತಿನ್ನಿಸಬೇಕು. ಚುರುಕಾಗಿ ಈಜುವ ಮೀನು ಒಳ್ಳೇದು, ನಿಧಾನದ್ದು ಕೆಟ್ಟದ್ದು. ಆಟ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಿಧಾನದ ಮೀನು ಕೈಗೆ ಸುಲಭವಾಗಿ ಸಿಗುತ್ತದೆ, ಅಲ್ಲೇ ಇದೆ ಕಷ್ಟ. ಮುದುಕ ಉಳಿಯುತ್ತಾನೋ ಇಲ್ಲವೋ ಅನ್ನೋದು ನಿಮ್ಮ ಕೈಯಲ್ಲಿದೆ, ಎರಡಕ್ಕೂ ಕಥೆ ಮುಂದೆ ಸಾಗುತ್ತದೆ. ಅಲ್ಲಿಂದಾಚೆ ಲೋಕ ತೆರೆದುಕೊಳ್ಳುತ್ತದೆ. ಹಾರುವ ಹಡಗು ಸಿಕ್ಕ ಮೇಲೆ ಯಾವ ಗೆಳೆಯರನ್ನು ಹುಡುಕಬೇಕು, ಯಾರನ್ನು ಮೊದಲು ಹುಡುಕಬೇಕು, ಎಲ್ಲ ನಿಮಗೇ ಬಿಟ್ಟದ್ದು. ಬಹಳ ಜನರನ್ನು ಹುಡುಕದೆಯೂ ಆಟ ಮುಗಿಸಬಹುದು. ಆದರೆ ಮುಗಿಸಲು ಮನಸ್ಸು ಬರುವುದಿಲ್ಲ. ಚದುರಿದವರ ಕಥೆ, ಹುಡುಕುವ ಕೈ. ಎರಡೂ ಒಂದೇ ಕಡೆ ಸಾಗುವುದು ಅಂದರೆ ಇದು.

ಈಗ ನಿಮ್ಮ ಲ್ಯಾಪ್‌ಟಾಪ್ ಮತ್ತು ನಿಮ್ಮ ಮಳೆಗಾಲಕ್ಕೆ ಬರೋಣ.

13 ವಾಪಸ್ ಕೊಡುವ ದಾರಿ ಮುಚ್ಚಿದೆ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ಮಾತ್ರ ಹಣ ವಾಪಸ್. ಮುಂದಿನ ಸಲ ಈ ನಿಯಮ ನೆನಪಿಟ್ಟುಕೊಂಡೇ ಶುರು ಮಾಡಿ. 13 ಬಯಲಾಗಿ ತೆರೆದುಕೊಳ್ಳುವುದು 11ನೇ ಅಧ್ಯಾಯದಲ್ಲಿ. ಅಲ್ಲಿಗೆ ತಲುಪಲು ಇನ್ನೂ ಹತ್ತು-ಹನ್ನೆರಡು ಗಂಟೆ ಬೇಕಾಗಬಹುದು. ಹೊಡೆದಾಟ ನಿಮಗೆ ಸ್ವಲ್ಪವಾದರೂ ಇಷ್ಟವಾಗಿದ್ದರೆ ಮುಂದುವರಿಸಿ, ಆದರೆ ಆಟೋ ಬ್ಯಾಟಲ್ ಒತ್ತುತ್ತಾ ಕೂರಬೇಡಿ. ಪ್ಯಾರಡೈಮ್ ಪದೇ ಪದೇ ಬದಲಾಯಿಸಿ. ಹೊಡೆದಾಟವೂ ಇಷ್ಟ ಆಗಿಲ್ಲ ಅಂದರೆ ಈಗಲೇ ಬಿಡಿ. ಕೊಟ್ಟ ದುಡ್ಡಿನ ಮುಖ ನೋಡಿಕೊಂಡು ಇನ್ನೂ ಗಂಟೆಗಳನ್ನು ಸುರಿಯಬೇಡಿ. ಅದು ಡಿಸ್ಕ್‌ನಲ್ಲಿ 60 ಜಿಬಿ ಹಿಡಿದಿರುತ್ತದೆ, ತೆಗೆದರೆ ಬೇರೆಯದಕ್ಕೆ ಜಾಗವೂ ಆಗುತ್ತದೆ.

ಊರಲ್ಲಿ ಆಡಲಿಕ್ಕೆ 6ರ ಪಿಕ್ಸೆಲ್ ರೀಮಾಸ್ಟರ್, ಅಂದರೆ ಹಳೇದನ್ನೇ ತಿದ್ದಿ ತಂದ ಆವೃತ್ತಿ, ನಿಮಗೆ ಸರಿಹೊಂದುತ್ತದೆ. 2022ರಲ್ಲಿ ಬಂದದ್ದು. ಗ್ರಾಫಿಕ್ಸ್ ಕಾರ್ಡ್ ಬೇಡ, ಹಾಟ್‌ಸ್ಪಾಟ್‌ನಲ್ಲೂ ಇಳಿಸಿಕೊಳ್ಳಬಹುದು. ಕ್ವಿಕ್ ಸೇವ್ ಇದೆ, ಹಾಗಾಗಿ ಕರೆಂಟ್ ಹೋಗಿ ಬ್ಯಾಟರಿ ಇಳಿಯುತ್ತಾ ಬಂದರೂ ಗಾಬರಿ ಇಲ್ಲ. ಮಾತುಗಳೆಲ್ಲ ಪೆಟ್ಟಿಗೆಯಲ್ಲಿ ಬರುತ್ತವೆ, ಗುಂಡಿ ಒತ್ತುವ ತನಕ ಕಾಯುತ್ತವೆ. ನಿಧಾನವಾಗಿ ಓದಿ. ತೊಂದರೆ ಏನು ಅಂದರೆ, ಮಾತಿಗೆ ದನಿ ಇಲ್ಲ. ದ್ವಿತೀಯಾರ್ಧದಲ್ಲಿ ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳುವುದಿಲ್ಲ. ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಆದರೂ ಮೊದಲನೇದಾಗಿ 10 ಆಡಿ ಅನ್ನುತ್ತೇನೆ. 13ರಲ್ಲಿ ನೀವು ಹುಡುಕಿ ಸಿಗದೇ ಇದ್ದದ್ದು ಇದರಲ್ಲಿದೆ. ಹೊಡೆದಾಟದಲ್ಲಿ ಗಡಿಯಾರ ಓಡುವುದಿಲ್ಲ. ಮುಂದೆ ಯಾರ ಸರದಿ ಅಂತ ಪಕ್ಕದಲ್ಲೇ ಪಟ್ಟಿ ಇರುತ್ತದೆ. ಹಾರುವ ಶತ್ರುವಿಗೆ ವಾಕಾನ ಚೆಂಡು, ಗಟ್ಟಿ ಚಿಪ್ಪಿನದಕ್ಕೆ ಆರನ್‌ನ ಕತ್ತಿ, ಹೀಗೆ ತಂಡದ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ನಡುವೆಯೇ ತಂಡದವರನ್ನು ಬದಲಾಯಿಸಬಹುದು. ಮಾತಿಗೆ ದನಿಯೂ ಇದೆ, ಕೆಳಗೆ ಅಕ್ಷರವೂ ಇದೆ. ಈಗ ಕೆಲವು ಕಡೆ ದನಿ ಹಳೇ ಕಾಲದ್ದು ಅನ್ನಿಸಬಹುದು. ಗಗಾಜೆಟ್ ಬೆಟ್ಟದ ಹೊತ್ತಿಗೆ ಶತ್ರುಗಳು ಒಮ್ಮೆಲೇ ಕಠಿಣ ಆಗುತ್ತಾರೆ, ಅಲ್ಲಿ ಸ್ವಲ್ಪ ನಿಂತು ಬೆಳೆಯಬೇಕು. ಸಿಡಿಲಿನ ಬಯಲಲ್ಲಿ ಸತತ 200 ಸಿಡಿಲು ತಪ್ಪಿಸಿಕೊಂಡರೆ ಒಂದು ವಸ್ತು ಸಿಗುತ್ತದೆ. ಅದರ ಹಿಂದೆ ಬೀಳಬೇಡಿ, ಕಥೆ ಮುಗಿಸಲು ಅದು ಬೇಕಾಗಿಲ್ಲ. ಇದು ಹತ್ತಾರು ಜಿಬಿ ಇರುವುದರಿಂದ ಶಿವಮೊಗ್ಗದಲ್ಲೇ ಒಳ್ಳೇ ವೈಫೈ ಇರುವಲ್ಲಿ ಇಳಿಸಿ, ಒಮ್ಮೆ ತೆರೆದು ನೋಡಿ, ಸ್ಟೀಮನ್ನು ಆಫ್‌ಲೈನ್‌ಗೆ ಹಾಕಿಕೊಂಡು ಊರಿಗೆ ಬಸ್ ಹತ್ತಿ. ಆಟವನ್ನು ಉಳಿಸಿಡುವ ಸೇವ್ ಗೋಳ ಕಂಡ ಕಂಡಲ್ಲಿ ಸೇವ್ ಮಾಡಿ.

7 ಬೇಕೇ ಬೇಕು ಅನ್ನಿಸಿದರೆ 1997ರದ್ದನ್ನೇ ತೆಗೆದುಕೊಳ್ಳಿ. ಪಾತ್ರಗಳು ಮರದ ಗೊಂಬೆ ತರ ಕಾಣುತ್ತವೆ, ಒಂದೆರಡು ಗಂಟೆಯಲ್ಲಿ ಅಭ್ಯಾಸ ಆಗುತ್ತದೆ. 2020ರ ರೀಮೇಕ್ ನಿಮ್ಮ ಲ್ಯಾಪ್‌ಟಾಪ್‌ಗೆ ಭಾರ. ಜೊತೆಗೆ ಅದು ಹಳೇ ಕಥೆ ಗೊತ್ತಿರುವವರ ಜೊತೆಗೇ ಮಾತಾಡುತ್ತದೆ, ಗೊತ್ತಿಲ್ಲದಿದ್ದರೆ ಅರ್ಧ ರುಚಿ ಹೋಗುತ್ತದೆ. 16ನ್ನೂ ಈ ಯಂತ್ರದಲ್ಲಿ ಯೋಚಿಸಬೇಡಿ. 14ಕ್ಕೆ ಲೆವೆಲ್ 70ರ ತನಕ ಫ್ರೀ ಟ್ರಯಲ್ ಇದೆ, ಒಂದು ಪೈಸೆ ಖರ್ಚಿಲ್ಲ. ಆದರೆ ನೆಟ್ ಇಲ್ಲದೆ ಅದು ತೆರೆಯುವುದೇ ಇಲ್ಲ, ಆಟವೂ ಮುಗಿಯುವಂಥದ್ದಲ್ಲ. ಪರೀಕ್ಷೆ ಮುಗಿಯುವ ತನಕ ಅದರ ಹತ್ತಿರ ಹೋಗದಿದ್ದರೆ ಒಳ್ಳೇದು.

10ನ್ನು ಕೊಂಡರೆ 10-2 ಕೂಡ ಅದೇ ಪ್ಯಾಕ್‌ನಲ್ಲಿ ಬರುತ್ತದೆ. 10 ಮುಗಿಯುವ ಮೊದಲು ಅದನ್ನು ತೆರೆಯಬೇಡಿ. ಅದರ ಮೊದಲ ದೃಶ್ಯಗಳಲ್ಲೇ 10ರ ಕೊನೆ ಏನಾಯಿತು ಅಂತ ಗೊತ್ತಾಗಿಬಿಡುತ್ತದೆ.